ಚೈನಿನಿಂದ ಆಂಗ್‌ಸ್ಟ್ರಾಂಗೆ: ಎಷ್ಟು ಸೊನ್ನೆ ಹಾಕಬೇಕು, ಎಷ್ಟು ಅಂಕಿ ನಂಬಬೇಕು?

ಅಳತೆ ಬದಲಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಉದ್ದದ ಪಟ್ಟಿಯನ್ನು ತೆರೆದು ನೋಡಿ. ಫರ್ಲಾಂಗು, ಚೈನು, ಲಿಂಕು ಇರುವ ಪಟ್ಟಿಯಲ್ಲೇ ಆಂಗ್‌ಸ್ಟ್ರಾಂ, ಪಿಕೊಮೀಟರು, ಫರ್ಮಿಗಳೂ ಕೂತಿರುತ್ತವೆ. ಹೊಲದ ಬದು ಅಳೆಯುವ ಮಾನವನ್ನು ಪರಮಾಣು ಅಳೆಯುವ ಮಾನಕ್ಕೆ ಬದಲಿಸು ಎಂದರೆ ಆ್ಯಪ್ ತಡವರಿಸುವುದಿಲ್ಲ: 1 ಚೈನು ಅಂದರೆ 2.01168 × 10¹¹ ಆಂಗ್‌ಸ್ಟ್ರಾಂ ಎಂದು ಕ್ಷಣದಲ್ಲಿ ಹೇಳಿಬಿಡುತ್ತದೆ. ಯಾವ ಚೈನು ಎಂದು ಮಾತ್ರ ಅದು ಕೇಳುವುದಿಲ್ಲ. ಆ ಅಂಕಿಗಳಲ್ಲಿ ಎಷ್ಟನ್ನು ನಂಬಬಹುದು ಎಂದೂ ಹೇಳುವುದಿಲ್ಲ. ಗುಣಾಕಾರ ಆ್ಯಪ್ ಮಾಡಲಿ. ಈ ಎರಡು ಪ್ರಶ್ನೆಗಳನ್ನು ನಾವೇ ನೋಡಿಕೊಳ್ಳಬೇಕು.

ಮೊದಲು, ಯಾವ ಚೈನು?

ಆ್ಯಪ್ ಹೇಳುವುದು ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಬಳಕೆಗೆ ತಂದ ಚೈನನ್ನು. ಅದರ ಉದ್ದ 66 ಅಡಿ, ಅದರಲ್ಲಿ 100 ಲಿಂಕು. ಹತ್ತು ಚೈನಿಗೆ ಒಂದು ಫರ್ಲಾಂಗು, ಎಂಬತ್ತಕ್ಕೆ ಒಂದು ಮೈಲಿ, ಹತ್ತು ಚದರ ಚೈನಿಗೆ ಒಂದು ಎಕರೆ. ಲೆಕ್ಕ ಸಲೀಸಾಗಲೆಂದೇ ಆತ 66 ಎಂಬ ವಿಚಿತ್ರ ಸಂಖ್ಯೆಯನ್ನು ಆರಿಸಿಕೊಂಡ.

ಆದರೆ ಮುಂಬೈ ಪದ್ಧತಿಯ ಸರ್ವೆ ನಡೆದ ಕಡೆ ಹಳೆಯ ಟಿಪ್ಪಣಿಯಲ್ಲಿ ಚೈನು ಮತ್ತು ಆಣೆ ಕಂಡರೆ ಅದು 33 ಅಡಿಯ ಚೈನು, ಅಂದರೆ ಗುಂಟರನದರ ಅರ್ಧ. ಅದರ ಹದಿನಾರನೇ ಒಂದು ಭಾಗ ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗವೇ ನಮ್ಮ ಗುಂಟೆ. ನಲವತ್ತು ಗುಂಟೆಗೆ ಎಕರೆ. ಇವಲ್ಲದೆ ಎಂಜಿನಿಯರುಗಳು ಬಳಸುತ್ತಿದ್ದ 100 ಅಡಿಯ ಚೈನಿದೆ, ಆಮೇಲೆ ಬಂದ 20 ಮತ್ತು 30 ಮೀಟರಿನ ಚೈನುಗಳಿವೆ. ಹಾಗಾಗಿ ಕಾಗದದಲ್ಲಿ ಬರೀ ‘ಚೈನು’ ಎಂದಿದ್ದರೆ ಪಕ್ಕದಲ್ಲಿ ಆಣೆ ಇದೆಯೋ ಲಿಂಕು ಇದೆಯೋ ನೋಡಿ. ಇಲ್ಲಿ ಎಡವಿದರೆ ಮುಂದಿನ ಲೆಕ್ಕವನ್ನು ಎಷ್ಟು ನಾಜೂಕಾಗಿ ಮಾಡಿದರೂ ಉತ್ತರ ಇಮ್ಮಡಿಯೋ ಅರ್ಧವೋ ಆಗಿರುತ್ತದೆ.

ಎರಡನೆಯದು, ಮೀಟರಿಗೆ ಬನ್ನಿ

ಚೈನಿನಿಂದ ಸೀದಾ ಆಂಗ್‌ಸ್ಟ್ರಾಂಗೆ ಹಾರುವ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಡುವೆ ಮೀಟರಿನಲ್ಲಿ ಇಳಿದು ಹೋಗುವುದೇ ಕ್ಷೇಮ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು 1959ರಲ್ಲಿ ಒಪ್ಪಿಕೊಂಡಂತೆ ಗಜವೆಂದರೆ 0.9144 ಮೀಟರು, ಅಡಿಯೆಂದರೆ 0.3048 ಮೀಟರು. ಇದು ‘ಸುಮಾರು’ ಅಲ್ಲ, ಕರಾರುವಾಕ್ಕಾದ ವ್ಯಾಖ್ಯೆ. ಆ ಪ್ರಕಾರ ಗುಂಟರ್ ಚೈನು 20.1168 ಮೀಟರು, ಲಿಂಕು 0.201168 ಮೀಟರು. ನಮ್ಮ 33 ಅಡಿಯ ಚೈನು 10.0584 ಮೀಟರು, ಆಣೆ 0.62865 ಮೀಟರು.

ಮೂರನೆಯದು, ಸೊನ್ನೆಗಳು

ಇಲ್ಲಿ ಲಕ್ಷ, ಕೋಟಿಯ ನಮ್ಮ ಎಣಿಕೆ ಚೆನ್ನಾಗಿ ಕೈ ಹಿಡಿಯುತ್ತದೆ. ಸ್ವೀಡನ್ನಿನ ಭೌತವಿಜ್ಞಾನಿ ಆ್ಯಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಂ 1868ರಲ್ಲಿ ಸೂರ್ಯನ ಬೆಳಕಿನ ರೇಖೆಗಳ ಪಟ್ಟಿ ಪ್ರಕಟಿಸಿದಾಗ ತರಂಗದ ಉದ್ದವನ್ನು ಮಿಲಿಮೀಟರಿನ ಕೋಟಿಯ ಒಂದು ಭಾಗದಲ್ಲಿ ಬರೆದ. ಆತನ ಹೆಸರಿನ ಮಾನ ಅದೇ. ಅಂದರೆ:

1 ಮಿಲಿಮೀಟರು = 1 ಕೋಟಿ ಆಂಗ್‌ಸ್ಟ್ರಾಂ.

ಇದೊಂದು ನೆನಪಿದ್ದರೆ ಸಾಕು. ಮೀಟರಿಗೆ ಸಾವಿರ ಕೋಟಿ. ಗುಂಟರ್ ಚೈನು 20,116.8 ಕೋಟಿ ಆಂಗ್‌ಸ್ಟ್ರಾಂ, ಲಿಂಕು 201.168 ಕೋಟಿ, 33 ಅಡಿಯ ಚೈನು 10,058.4 ಕೋಟಿ, ಆಣೆ 628.65 ಕೋಟಿ. ನ್ಯಾನೊಮೀಟರು ಬೇಕಿದ್ದರೆ ಹತ್ತರಿಂದ ಭಾಗಿಸಿ, ಪಿಕೊಮೀಟರು ಬೇಕಿದ್ದರೆ ನೂರರಿಂದ ಗುಣಿಸಿ. ಪರಮಾಣುವಿನ ಬೀಜದ ಮಟ್ಟಕ್ಕೆ ಇಳಿಯುವ ಫರ್ಮಿ, ಅಂದರೆ ಫೆಮ್ಟೊಮೀಟರು, ಆಂಗ್‌ಸ್ಟ್ರಾಂನ ಲಕ್ಷದ ಒಂದು ಭಾಗ.

ಒಂದು ಅಂದಾಜಿಗೆ: ಅಪರಂಜಿ ಚಿನ್ನದಲ್ಲಿ ಅಕ್ಕಪಕ್ಕದ ಎರಡು ಪರಮಾಣುಗಳ ನಡುವಿನ ಅಂತರ ಸುಮಾರು 2.88 ಆಂಗ್‌ಸ್ಟ್ರಾಂ. 201.168 ಕೋಟಿಯನ್ನು 2.88ರಿಂದ ಭಾಗಿಸಿದರೆ, ಒಂದು ಲಿಂಕಿನ ಉದ್ದಕ್ಕೆ ಸುಮಾರು 70 ಕೋಟಿ ಚಿನ್ನದ ಪರಮಾಣುಗಳನ್ನು ಸಾಲಾಗಿ ಹಿಡಿಸಬಹುದು.

ಈಗ ಅಸಲು ವಿಷಯ: ಎಷ್ಟು ಅಂಕಿ ಬರೆಯಬೇಕು?

ಕ್ಯಾಲ್ಕ್ಯುಲೇಟರು 201168000000 ಎಂದು ತೋರಿಸಿದ್ದನ್ನು ಹಾಗೇ ನಕಲು ಮಾಡುವವರೇ ಹೆಚ್ಚು. ವ್ಯಾಖ್ಯೆಯ ಮಟ್ಟಿಗೆ ಅದು ಸರಿ. ಹೊಲದಲ್ಲಿ ಎಳೆದ ಚೈನಿನ ಮಟ್ಟಿಗೆ ಅದು ಶುದ್ಧ ಸುಳ್ಳು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಹತ್ತು ಲಕ್ಷಕ್ಕೆ ಸುಮಾರು ಹನ್ನೆರಡು ಪಾಲಿನಷ್ಟು ಉದ್ದವಾಗುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ 66 ಅಡಿಯ ಚೈನು 2.4 ಮಿಲಿಮೀಟರು ಬೆಳೆದಿರುತ್ತದೆ. ನಮ್ಮ ಸೂತ್ರದ ಪ್ರಕಾರ ಅದು 2.4 ಕೋಟಿ ಆಂಗ್‌ಸ್ಟ್ರಾಂ! ಕೊಂಡಿಗಳು ಸವೆದದ್ದು, ನಡುವೆ ಜೋತುಬಿದ್ದದ್ದು, ಎಳೆದವರ ಕೈಬಿಗಿ ಇವೆಲ್ಲ ಬೇರೆ.

ಇದನ್ನು ಚೆನ್ನಾಗಿ ಅರಿತಿದ್ದವನು ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಶುರುಮಾಡಿದ ವಿಲಿಯಂ ಲ್ಯಾಂಬ್ಟನ್. 1802ರಲ್ಲಿ ಮದ್ರಾಸಿನಲ್ಲಿ, 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ (ಸರ್ವೆಯ ಉಳಿದ ಲೆಕ್ಕಕ್ಕೆ ಬುನಾದಿಯಾಗುವ ಉದ್ದ) ಅಳೆದಾಗ ಆತ ಉಕ್ಕಿನ ಚೈನನ್ನು ನೆಲದ ಮೇಲೆ ಎಳೆಸಲಿಲ್ಲ. ಮುಕ್ಕಾಲಿಗಳ ಮೇಲಿಟ್ಟ ಮರದ ತೊಟ್ಟಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಬಿಸಿಗೆ ತಕ್ಕಂತೆ ಉದ್ದವನ್ನು ತಿದ್ದಿಕೊಂಡ. ಅಷ್ಟು ಮಾಡಿದವನು ಏಳೆಂಟು ಅಂಕಿ ಬರೆದರೆ ಬರೆಯಲಿ ಬಿಡಿ. ಹಳೆಯ ಟಿಪ್ಪಣಿಯ ಅಳತೆಯನ್ನು ಎತ್ತಿಕೊಂಡು ಲೆಕ್ಕ ಹಾಕುವ ನಮಗೆ ಆ ಹಕ್ಕಿಲ್ಲ.

ನಿಯಮ ಸರಳ. ಅಳತೆಯಲ್ಲಿ ಎಷ್ಟು ಮಿಲಿಮೀಟರು ಅನುಮಾನವಿದೆಯೋ ಆಂಗ್‌ಸ್ಟ್ರಾಂನಲ್ಲಿ ಅಷ್ಟು ಕೋಟಿ ಅನುಮಾನ. ಹೊಲದ ಅಳತೆ ಒಂದು ಆಣೆಯವರೆಗೆ ಮಾತ್ರ ಗೊತ್ತಿದ್ದರೆ ಸುಮಾರು ಆರುನೂರು ಕೋಟಿಯ ಕೆಳಗಿನ ಅಂಕಿಗಳಿಗೆ ಅರ್ಥವಿಲ್ಲ. ಅಂಥ ಕಡೆ ‘ಸುಮಾರು 2.0 × 10¹¹’ ಎಂದು ಬರೆದು ಕೈಬಿಡುವುದೇ ಲೇಸು.

ಅಡಿಯಲ್ಲೂ ಒಂದು ಸಣ್ಣ ಮುಳ್ಳಿದೆ. ಭಾರತದ ಹಳೆಯ ಸರ್ವೆ ನಕಾಶೆಗಳ ಅಡಿ 0.3048 ಅಲ್ಲ, ಸುಮಾರು 0.3047995 ಮೀಟರು. ಒಂದು ಚೈನಿಗೆ ವ್ಯತ್ಯಾಸ ಬರೀ ಮೂರು ಲಕ್ಷ ಆಂಗ್‌ಸ್ಟ್ರಾಂ ಚಿಲ್ಲರೆ, ಅಂದರೆ ಮಿಲಿಮೀಟರಿನ ಮೂವತ್ತನೇ ಒಂದು ಭಾಗ. ಒಂದು ಹೊಲಕ್ಕೆ ಇದರ ಚಿಂತೆ ಬೇಡ. ಸಾವಿರಾರು ಕಿಲೊಮೀಟರಿನ ನಕಾಶೆ ಜೋಡಿಸುವವರಿಗೆ ಬೇಕು. ಆಂಗ್‌ಸ್ಟ್ರಾಂ ಕಡೆಯ ಹಳೆಯ ಕಾಗದಗಳೂ ಸಾಚಾ ಅಲ್ಲ. ಕ್ಷಕಿರಣ ವಿಜ್ಞಾನದ ಹಳೆಯ ಪುಸ್ತಕಗಳಲ್ಲಿ ಎಕ್ಸ್ ಯೂನಿಟ್ ಎಂಬ ಮಾನವಿದೆ. ಸಾವಿರ ಎಕ್ಸ್ ಯೂನಿಟ್ ಒಂದು ಆಂಗ್‌ಸ್ಟ್ರಾಂ ಎಂದು ಒಂದು ಕಾಲಕ್ಕೆ ತಿಳಿದಿದ್ದರು. ನಿಜದಲ್ಲಿ ಅದು ಸುಮಾರು 1.002.

ಹಿಂದಕ್ಕೆ ಹೋಗುವುದು

ಆಂಗ್‌ಸ್ಟ್ರಾಂನಿಂದ ಚೈನಿಗೆ ಬರಲು ಗುಣಿಸಿದ್ದನ್ನು ಭಾಗಿಸಿದರಾಯಿತು. ಹೈಡ್ರೋಜನ್ ಪರಮಾಣುವಿನ ಗಾತ್ರ ಸೂಚಿಸುವ ಬೋರ್ ತ್ರಿಜ್ಯ 0.529177 ಆಂಗ್‌ಸ್ಟ್ರಾಂ, ಅಂದರೆ 5.29177 × 10⁻¹¹ ಮೀಟರು. ಅದನ್ನು 20.1168ರಿಂದ ಭಾಗಿಸಿದರೆ 2.63052 × 10⁻¹² ಚೈನು. ತಮಾಷೆಯೆಂದರೆ ಈ ಜೋಡಿಯಲ್ಲಿ ಗಟ್ಟಿ ಅಂಕಿ ಕಣ್ಣಿಗೆ ಕಾಣದ ಪರಮಾಣುವಿನದು: ಬೋರ್ ತ್ರಿಜ್ಯ ಒಂಬತ್ತು ಅಂಕಿಗೂ ಮೀರಿ ಗೊತ್ತಿದೆ. ಕೈಯಲ್ಲಿ ಹಿಡಿದು ಎಳೆಯುವ ಚೈನಿಗೆ ನಾಲ್ಕು ಅಂಕಿ ಸಿಕ್ಕರೆ ಪುಣ್ಯ.

ವಿಸ್ತೀರ್ಣಕ್ಕೆ ಘಾತ ಇಮ್ಮಡಿ

ಇಷ್ಟೆಲ್ಲ ಯಾರಿಗೆ ಬೇಕು ಎಂದರೆ, ಉದ್ದದಲ್ಲಿ ಇದು ಬಹುಪಾಲು ಅಭ್ಯಾಸದ ಲೆಕ್ಕವೇ. ವಿಸ್ತೀರ್ಣದಲ್ಲಿ ಹಾಗಲ್ಲ. ನೀರು ಶುದ್ಧಮಾಡುವ ಫಿಲ್ಟರಿನ ಸಕ್ರಿಯ ಇದ್ದಿಲಿನ ಒಳಗೆ ಸೂಕ್ಷ್ಮ ರಂಧ್ರಗಳು ತುಂಬಿರುತ್ತವೆ. ಅವುಗಳ ಗೋಡೆಯ ಒಟ್ಟು ವಿಸ್ತೀರ್ಣವನ್ನು ತಿಳಿಯಲು ರಸಾಯನಶಾಸ್ತ್ರಜ್ಞರು ಅದರ ಮೇಲೆ ನೈಟ್ರೋಜನ್ ಅಣುಗಳನ್ನು ಒಂದೇ ಪದರ ಹಾಸಿದರೆ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಒಂದು ಅಣುವಿಗೆ 16.2 ಚದರ ಆಂಗ್‌ಸ್ಟ್ರಾಂ ಜಾಗ ಎಂಬುದು ರೂಢಿ. ಒಂದು ಗ್ರಾಂ ಇದ್ದಿಲಿನ ಮೇಲ್ಮೈಯನ್ನು ಜನರಿಗೆ ಹೇಳುವಾಗ ಆಟದ ಮೈದಾನದ ಮಾತು ಬರುತ್ತದೆ. ನಾವು ಗುಂಟೆಯಲ್ಲೇ ಹೇಳೋಣ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಉದ್ದಕ್ಕೆ 10¹⁰ ಆದರೆ ಚದರಕ್ಕೆ 10²⁰. ಗುಂಟೆ 10.0584 × 10.0584, ಅಂದರೆ 101.171 ಚದರ ಮೀಟರು, ಅದು 1.01171 × 10²² ಚದರ ಆಂಗ್‌ಸ್ಟ್ರಾಂ. ಇನ್ನೊಂದು ಎಚ್ಚರಿಕೆ: ಟಿಪ್ಪಣಿಯ ಚೈನಿನ ಪಕ್ಕದ ಆಣೆ ಉದ್ದದ್ದು, ಪಹಣಿಯ ಗುಂಟೆಯ ಪಕ್ಕದ ಆಣೆ ವಿಸ್ತೀರ್ಣದ್ದು. ಚೈನುದ್ದ, ಆಣೆಯಗಲದ ಪಟ್ಟಿಯೇ ಗುಂಟೆಯ ಹದಿನಾರನೇ ಪಾಲು ಎಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡರೆ ಎರಡೂ ಕಲಸಿಹೋಗುವುದಿಲ್ಲ.

ಒಂದು ಗ್ರಾಂ ಇದ್ದಿಲಿನ ಮೇಲೆ ಒಂದು ಪದರಕ್ಕೆ 0.01 ಮೋಲ್ ನೈಟ್ರೋಜನ್ ಹಿಡಿಯಿತು ಎನ್ನೋಣ. ಒಂದು ಮೋಲ್ ಎಂದರೆ 6.022 × 10²³ ಅಣು, ಹಾಗಾಗಿ ಇಲ್ಲಿ ಅಣುಗಳು 6.022 × 10²¹. 16.2ರಿಂದ ಗುಣಿಸಿದರೆ 9.756 × 10²² ಚದರ ಆಂಗ್‌ಸ್ಟ್ರಾಂ. ಅದನ್ನು ಗುಂಟೆಯ 1.01171 × 10²²ರಿಂದ ಭಾಗಿಸಿ. ಘಾತಗಳು ಒಂದಕ್ಕೊಂದು ಹೊಡೆದುಹೋಗಿ 9.643 ಉಳಿಯುತ್ತದೆ. ಪಹಣಿಯ ರೀತಿಯಲ್ಲಿ ಬರೆದರೆ 9 ಗುಂಟೆ 10 ಆಣೆ. ಆದರೆ 16.2 ಎಂಬುದೇ ರೂಢಿಯ ಅಂಕಿ, ಇದ್ದಿಲಿನ ಗೋಡೆಗಳು ಸಮತಟ್ಟಾಗಿಯೂ ಇರುವುದಿಲ್ಲ. ಆಣೆ ಬಿಟ್ಟು ಒಂಬತ್ತು, ಹತ್ತು ಗುಂಟೆ ಎಂದು ಬರೆಯಿರಿ.