ಮೆಟ್ಟಿಲ ಕೆಳಗೆ ಬಂದ ಬೂದು ಬೆಕ್ಕು

ನಾನು ರಾಯಚೂರಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬೆಕ್ಕು ಸಾಕಿದವಳಲ್ಲ. ಹೋದ ವರ್ಷ ಬೇಸಿಗೆ ಶುರುವಾಗುವಾಗ ಒಂದು ಬೂದು ಬಣ್ಣದ ಬೀದಿ ಬೆಕ್ಕು ದಿನಾ ಮಧ್ಯಾಹ್ನ ನಮ್ಮ ಮೆಟ್ಟಿಲ ಕೆಳಗೆ ಬಂದು ಮಲಗತೊಡಗಿತು. ಹೊಟ್ಟೆ ಎರಡೂ ಕಡೆ ಉಬ್ಬಿತ್ತು. ಪಕ್ಕದ ಮನೆ ಅಜ್ಜಿ ನೋಡಿದವರೇ, “ಗಬ್ಬ ಅದ ಬಿಡವ್ವ, ಹದಿನೈದು ದಿನದಾಗ ಈಯ್ತದ” ಅಂದರು.

ನನಗೆ ಅನುಮಾನ. ಹುಳ ಜಾಸ್ತಿ ಆದರೂ ಹೊಟ್ಟೆ ಊದುತ್ತದಲ್ವಾ? ಪಶು ಡಾಕ್ಟರಿಗೆ ಫೋಟೊ ಕಳಿಸಿದೆ. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ, ಮೊಲೆತೊಟ್ಟು ನೋಡಿ ಅಂದರು. ಗಬ್ಬವಾದ ಮೂರು ವಾರಕ್ಕೆ ತೊಟ್ಟು ದಪ್ಪಗಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಹೊಟ್ಟೆ ಕಾಣುವುದು ಐದು ವಾರ ದಾಟಿದ ಮೇಲೆ. ಈಯಲು ಒಟ್ಟು ಒಂಬತ್ತು ವಾರ ಬೇಕು. ಮರುದಿನ ಬೆಕ್ಕು ಮಗ್ಗುಲಾದಾಗ ದೂರದಿಂದಲೇ ಇಣುಕಿದೆ. ಬೂದು ಕೂದಲ ನಡುವೆ ಸಾಲಾಗಿ ಗುಲಾಬಿ ಗುಂಡಿ ಹೊಲಿದ ಹಾಗೆ ಕಂಡವು. ಅಜ್ಜಿ ಗೆದ್ದರು. ಹುಳದ ಮಾತ್ರೆಯನ್ನು ಮಾತ್ರ ನೀವಾಗೇ ತಂದು ಹಾಕಬೇಡಿ ಅಂತ ಡಾಕ್ಟರ್ ಎಚ್ಚರಿಸಿದ್ದರು.

ಮೊದಲ ದಿನ ಹಾಲು ಇಟ್ಟು ಎಡವಟ್ಟು ಮಾಡಿದ್ದೆ. ಭೇದಿ ಆಯಿತು. ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲವಂತೆ. ಆಮೇಲೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಜೊತೆಗೆ ಮರಿಬೆಕ್ಕಿಗೆ ಅಂತ ಮಾರುವ ಒಣ ಆಹಾರ. ಗಬ್ಬದ ಬೆಕ್ಕಿಗೂ ಅದೇ ಒಳ್ಳೆಯದು. ಬಿಸಿಲು 40 ಡಿಗ್ರಿ ದಾಟಿತ್ತು, ಹಾಗಾಗಿ ಮಣ್ಣಿನ ಬಟ್ಟಲಲ್ಲಿ ದಿನಕ್ಕೆ ಮೂರು ಸಲ ನೀರು ಬದಲಿಸುತ್ತಿದ್ದೆ.

ಮೆಟ್ಟಿಲ ಕೆಳಗೆ ರಟ್ಟಿನ ಡಬ್ಬ ಅಡ್ಡ ಮಲಗಿಸಿದೆ. ಒಳಗೆ ಹಾಸಲು ನನ್ನ ಹತ್ತಿರ ಚಿಂದಿಗೇನು ಬರ? ಆದರೆ ಚಿಂದಿಯಲ್ಲಿ ದಾರ ನೇತಾಡುತ್ತದೆ. ಬೆಕ್ಕು ದಾರ ನುಂಗಿದರೆ ಅದು ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಹಳೇ ಕಾಟನ್ ಸೀರೆ ಮಡಚಿ ಹಾಕಿದೆ.

ಒಂದು ರಾತ್ರಿ ಮೂರು ಮರಿ ಹಾಕಿತು. ತಪ್ಪು ಮಾಡಿದ್ದು ನಾನು, ಎರಡನೇ ದಿನ. ಸೀರೆ ಗಲೀಜಾಗಿದೆ ಅಂತ ಮರಿಗಳನ್ನು ಎತ್ತಿ ಬದಲಿಸಿದೆ. ಬ್ಲೌಸ್ ಕೊಡಲು ಬಂದವರ ಮಕ್ಕಳೂ ಸುತ್ತ ನಿಂತು ನೋಡಿದರು. ಬೆಳಿಗ್ಗೆ ಡಬ್ಬ ಖಾಲಿ! ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತಾರಲ್ಲ, ನನ್ನ ಕೈಯಾರೆ ಆ ಪ್ರಯಾಣ ಶುರುವಾಯಿತು.

ಸಿಕ್ಕಿದ್ದು ಅಜ್ಜಿ ಮನೆ ಮಾಳಿಗೆಯ ಕೆಟ್ಟ ಕೂಲರಿನೊಳಗೆ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಈ ಸಲ ಮರಿ ಮುಟ್ಟಲಿಲ್ಲ. ಬೆಕ್ಕು ಹೊರಗೆ ಹೋದಾಗ ಅಕ್ಕಿಯ ಗೋಣಿಚೀಲ ನೆನೆಸಿ, ಗಾಳಿಗೆ ಜಾಗ ಬಿಟ್ಟು, ಮೇಲೆ ಹೊದಿಸಿ ಬಂದೆ. ಗಂಟೆಗೊಮ್ಮೆ ಒದ್ದೆ ಮಾಡೋದು ಅಜ್ಜಿ ಕೆಲಸ. “ನನ್ನ ಸೊಸಿ ಬಾಣಂತನಕ್ಕೂ ಇಷ್ಟು ಹತ್ತಿಲ್ಲವ್ವ” ಅಂತ ಬೈಯುತ್ತಲೇ ಮಾಡಿದರು. ಒಂಬತ್ತನೇ ದಿನಕ್ಕೆ ಒಂದು ಮರಿ ಅರ್ಧ ಕಣ್ಣು ಬಿಟ್ಟಿತ್ತು. ತಿಂಗಳಾದ ಮೇಲೆ ತಾಯಿಯೇ ಮೂರನ್ನೂ ಕೆಳಗೆ ತಂದಿತು.

ಹಾಲು ಕುಡಿಸುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಆಗಬಹುದು. ಅದಕ್ಕೇ ಮರಿ ಹಾಲು ಬಿಟ್ಟ ತಕ್ಷಣ ಆಪರೇಷನ್ ಮಾಡಿಸಿದೆ. ಹಿಡಿಯಲು ಬಳಸಿದ್ದು ಟೊಮೆಟೊ ಕ್ರೇಟು: ಒಂದರೊಳಗೆ ಕೋಳಿ ತುಂಡು, ಮೇಲೆ ಇನ್ನೊಂದು ಮುಚ್ಚಿ ಹಗ್ಗ ಬಿಗಿದೆ. ಆಗ ಕೈ ಪರಚಿತು. 15 ನಿಮಿಷ ಸೋಪು ಹಚ್ಚಿ ತೊಳೆದು ಅವತ್ತೇ ರೇಬಿಸ್ ಇಂಜೆಕ್ಷನ್ ತಗೊಂಡೆ.

ಎರಡು ಮರಿಗಳನ್ನು ಎರಡು ತಿಂಗಳು ತುಂಬಿದ ಮೇಲೆ ಗೊತ್ತಿದ್ದವರಿಗೆ ಕೊಟ್ಟೆ. ಮೂರನೆಯದು ಈಗ ಮಷೀನ್ ಕೆಳಗೇ ಇರುತ್ತದೆ. ದಾರದ ಉಂಡೆಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವ ಕೆಲಸ ನನಗೆ ಹೊಸದಾಗಿ ಅಂಟಿಕೊಂಡಿದೆ. ತಾಯಿ ಬೆಕ್ಕು ಊಟದ ಹೊತ್ತಿಗೆ ಬರುತ್ತದೆ, ಇವತ್ತಿಗೂ ಮುಟ್ಟಗೊಡುವುದಿಲ್ಲ.