ಕಿಟಕಿ ಬೆಳಕಲ್ಲಿ ಬಿದರಿ ಫೋಟೋ: ಕಪ್ಪನ್ನು ಕಪ್ಪಾಗಿ ಉಳಿಸಿಕೊಂಡಿದ್ದು ಹೀಗೆ

ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದರಿ ಸಾಮಾನಿನ ಫೋಟೋ ತೆಗೆಯೋಕೆ ಸ್ಟುಡಿಯೋ ಲೈಟ್ ಬೇಕು, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಬೇಕು, ಅದಿಲ್ಲದೆ ಆಗಲ್ಲ ಅಂತ ಬೀದರಿನಲ್ಲಿ ನನಗೆ ಹೇಳದವರೇ ಇಲ್ಲ. ಒಬ್ಬ ಸ್ಟುಡಿಯೋದವರಂತೂ "ಸುಮ್ನೆ ಯಾಕ್ರಿ ರೊಕ್ಕ ಹಾಳು ಮಾಡ್ತೀರಿ, ಮೆಡಿಕಲ್ ಅಂಗಡಿ ನೋಡ್ಕೊಂಡು ಆರಾಮ ಇರ್ರಿ" ಅಂದಿದ್ದರು. ಈಗ ಹಳೇ ಊರಿನ ಚೌಬಾರಾ ಗೋಪುರದ ಸುತ್ತಮುತ್ತಲಿನ ನಾಲ್ಕೈದು ಕುಶಲಕರ್ಮಿಗಳ ಸಾಮಾನಿನ ಫೋಟೋ ನಾನೇ ತೆಗೆಯುತ್ತೇನೆ. ಲೈಟ್ ಅಂದರೆ ನಮ್ಮ ಮನೆಯ ಉತ್ತರದ ಕಿಟಕಿ, ಅಷ್ಟೇ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕ್ಯಾನನ್, ಹೈದರಾಬಾದಿನಿಂದ ತಂದದ್ದು, ಹದಿನೆಂಟು ಸಾವಿರದ ಆಸುಪಾಸು. ಮೇಲೊಂದು 50 ಎಂಎಂ ಲೆನ್ಸ್.

ಎಫ್ ನಂಬರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ, ಶಟರ್ ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ, ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ. ಇಷ್ಟು ಗೊತ್ತಿದ್ದರೆ ಸಾಕು.

ಬಿದರಿ ಯಾಕೆ ಕಷ್ಟ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿದ ನೀರಿನಲ್ಲಿ ಸಾಮಾನನ್ನು ಅದ್ದಿದರೆ ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗಲ್ಲ. ಈ ಕಲೆ ಹೆಸರುವಾಸಿಯಾದದ್ದೇ ಆ ಕಪ್ಪಿಗೆ. 2006ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಗುರುತು, ಸಿಕ್ಕಿತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ! ಫ್ರೇಮ್ ತುಂಬ ಕಪ್ಪು ಕಂಡರೆ "ಬೆಳಕು ಸಾಲದು" ಅಂದುಕೊಂಡು ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕು) ಏರಿಸಿಬಿಡುತ್ತದೆ. ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಸುಟ್ಟು ಬರೀ ಬಿಳಿಯಾಗುತ್ತದೆ, ಬಳ್ಳಿ ಹೂವಿನ ಗೆರೆ ಒಂದರೊಳಗೊಂದು ಸೇರಿಹೋಗುತ್ತದೆ. ನನ್ನ ಶುರುವಿನ ಫೋಟೋ ನೋಡಿ ಒಬ್ಬ ಹಿರಿಯ ಕಾರಿಗರ್ ಮುಖ ಸಿಂಡರಿಸಿದ್ದರು. "ಭಾಯ್, ಇದು ನಮ್ಮ ಮಾಲ್ ಅಲ್ಲ. ಅಲ್ಯೂಮಿನಿಯಂ ಡಬ್ಬಿ ಕಂಡಂಗ ಕಾಣ್ತದ."

"ಏನ್ ಮಾಡ್ಬೇಕು ಚಾಚಾ, ಕ್ಯಾಮೆರಾ ಹಂಗ ತೋರಸ್ತದ" ಅಂದೆ. "ಹಂಗಾದ್ರ ಕ್ಯಾಮೆರಾದ ಮಾತು ಯಾಕ ಕೇಳ್ತಿ?" ಅಂದರು. ಬಲ್ಲವರ ಮಾತು, ಅಲ್ವಾ?

ದುಡ್ಡು ಹೋದ ದಾರಿ ಹೇಳುತ್ತೇನೆ, ನಿಮ್ಮದಾದರೂ ಉಳಿಯಲಿ. ಮೊದಲು ಆನ್‌ಲೈನಲ್ಲಿ ಒಂದು ಲೈಟ್ ಟೆಂಟ್ (ಒಳಗೆ ಲೈಟಿರುವ ಬಿಳಿ ಬಟ್ಟೆಯ ಡಬ್ಬಿ) ತರಿಸಿದೆ, ಒಂದೂವರೆ ಸಾವಿರ. ಎಲ್‌ಇಡಿ ಪಟ್ಟಿಯ ಒಂದೊಂದು ಚುಕ್ಕೆಯೂ ಬೆಳ್ಳಿಯಲ್ಲಿ ಸಾಲಾಗಿ ಕಂಡಿತು. ಈಗ ಅದರಲ್ಲಿ ಮಗಳ ಗೊಂಬೆಗಳಿವೆ. ಆಮೇಲೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್, ಹತ್ತಿರತ್ತಿರ ಸಾವಿರದಿನ್ನೂರು. ಕಪ್ಪಿನ ಮೇಲಿನ ಎಣ್ಣೆ ಹೊಳಪು ಸ್ವಲ್ಪ ತಗ್ಗಿತು, ಬೆಳ್ಳಿಯ ಹೊಳಪು ಒಂಚೂರೂ ಜಗ್ಗಲಿಲ್ಲ. ಲೋಹದ ಮೇಲಿನ ಪ್ರತಿಫಲನಕ್ಕೆ ಆ ಫಿಲ್ಟರ್ ಹೆಚ್ಚಿಗೆ ಏನೂ ಮಾಡಲ್ಲ, ಇದನ್ನು ಮಾರುವವರು ಹೇಳುವುದಿಲ್ಲ. ಕ್ಯಾಮೆರಾ ಮೇಲಿನ ಫ್ಲ್ಯಾಶಿನಿಂದ ತಟ್ಟೆಯ ನಡುವೆ ಒಂದು ಬಿಳಿ ಗುಂಡು, ಸುತ್ತ ಕತ್ತಲೆ. ಮಾಳಿಗೆ ಮೇಲೆ ಮಧ್ಯಾಹ್ನದ ಬಿಸಿಲಲ್ಲೂ ಇಟ್ಟು ನೋಡಿದೆ. ಏಪ್ರಿಲ್ ತಿಂಗಳ ಬೀದರ್ ಬಿಸಿಲು. ಸಾಮಾನು ಮುಟ್ಟೋಕಾಗದಷ್ಟು ಕಾದಿದ್ದೇ ಲಾಭ.

ಕೊನೆಗೆ ಕೈ ಹಿಡಿದದ್ದು ತೆಳು ಹತ್ತಿಯ ಮಲ್ ಪಂಚೆ. ಹಳೆಯದು, ತೊಳೆದು ತೊಳೆದು ಮೆತ್ತಗಾದದ್ದು. ಅದನ್ನು ಎರಡು ಮಡಿಕೆ ಮಾಡಿ ಕಿಟಕಿಗೆ ಬಿಗಿಯಾಗಿ ಕಟ್ಟಿದೆ. ಎದುರುಗಡೆ ಥರ್ಮಾಕೋಲ್ ಹಾಳೆ, ನಲವತ್ತು ರೂಪಾಯಿ. ಕೆಳಗೆ ಬೂದು ಬಣ್ಣದ ಚಾರ್ಟ್. ಉಳಿದ ಕಿಟಕಿ, ಟ್ಯೂಬ್‌ಲೈಟ್ ಎಲ್ಲ ಬಂದ್. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ 100, ಎಫ್ 8, ಎರಡು ಸೆಕೆಂಡ್ ಟೈಮರ್. ಮೀಟರ್ ಒಂದು ಸೆಕೆಂಡ್ ಕೇಳಿದರೆ ನಾನು ಕಾಲು ಸೆಕೆಂಡಿಗಷ್ಟೇ ತೆಗೆಯುತ್ತೇನೆ. ಅಂದರೆ ಎರಡು ಸ್ಟಾಪ್ ಕಡಿಮೆ, ಒಂದೊಂದು ಸ್ಟಾಪ್ ಇಳಿಸಿದಾಗಲೂ ಬೆಳಕು ಅರ್ಧ ಆಗುತ್ತದೆ. ಬೆಳ್ಳಿ ಕೆಲಸ ದಟ್ಟವಾಗಿದ್ದರೆ ಒಂದೇ ಸ್ಟಾಪ್ ಸಾಕು. ಬರೀ ಅಂಚಿನಲ್ಲಿ ತೆಳ್ಳಗೆ ತಂತಿ ಇದ್ದರೆ ಎರಡೂವರೆಗೂ ಇಳಿದದ್ದುಂಟು. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್) ತೆಗೆಯಿರಿ, ಬೇರೆ ಮಾತೇ ಇಲ್ಲ.

ಹಿಸ್ಟೋಗ್ರಾಂ, ಅಂದರೆ ಫೋಟೋದಲ್ಲಿ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ, ನೋಡಿ ಗಾಬರಿ ಆಗಬೇಡಿ. ಎಡಗಡೆ ದೊಡ್ಡ ಗುಡ್ಡೆ, ಬಲಕ್ಕೆ ತೆಳ್ಳಗೆ ಒಂದು ಬಾಲ. ಬಿದರಿಗೆ ಇರಬೇಕಾದದ್ದೇ ಹಾಗೆ. "ಗುಡ್ಡೆ ನಡುವೆ ಬರಬೇಕು" ಅಂತ ಗೆಳೆಯರು ನನ್ನ ತಲೆ ತಿಂದಿದ್ದಾರೆ. ನಡುವೆ ಬಂದರೆ ಮತ್ತೆ ಅಲ್ಯೂಮಿನಿಯಂ ಡಬ್ಬಿಯೇ.

ಎಕ್ಸ್‌ಪೋಶರ್ ಸರಿಯಾದ ಮೇಲೂ ಬೆಳ್ಳಿ ಆಟ ಆಡಿಸುತ್ತದೆ. ಎದುರಿಗೆ ಏನಿದೆಯೋ ಅದನ್ನೇ ತೋರಿಸುವ ಜಾತಿ ಅದು. ಕತ್ತಲೆ ಗೋಡೆ ಎದುರಿದ್ದರೆ ಬೆಳ್ಳಿಯೂ ಕಪ್ಪಾಗಿ ಇಡೀ ಚಿತ್ತಾರವೇ ಮಾಯ. ತಟ್ಟೆಯ ಹಿಂದೆ ಬಟ್ಟೆಯ ಉಂಡೆ ಇಟ್ಟು ಬೆರಳಿನಿಂದ ಒಂದೊಂದೇ ಕೂದಲೆಳೆಯಷ್ಟು ವಾಲಿಸುತ್ತಾ ಕ್ಯಾಮೆರಾದ ಪರದೆಯಲ್ಲಿ (ಲೈವ್ ವ್ಯೂ) ನೋಡಬೇಕು. ಒಂದು ಹಂತದಲ್ಲಿ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಅದಕ್ಕಿಂತ ಸ್ವಲ್ಪ ಜಾಸ್ತಿ ವಾಲಿದರೂ ಕಪ್ಪಿನ ಮೇಲೂ ಪಂಚೆಯ ಬೆಳಕು ಬಿದ್ದು ಮಂಕಾಗುತ್ತದೆ. ಇಲ್ಲಿ ಅವಸರ ನಡೆಯಲ್ಲ. ಒಂದು ತಟ್ಟೆಗೆ ಅರ್ಧ ಗಂಟೆ ಹಿಡಿದದ್ದಿದೆ. ಸುರಾಹಿ, ಹೂದಾನಿಯಂಥ ಉಬ್ಬಿದ ಸಾಮಾನಿಗೆ ಕಿಟಕಿಯ ಬಟ್ಟೆ ಮತ್ತು ಥರ್ಮಾಕೋಲ್ ಎರಡೂ ಬದಿಗೆ ಬರಲಿ, ನಡುವೆ ಒಂದು ಕಪ್ಪು ಕಾಗದದ ಪಟ್ಟಿ ಹಿಡಿಯಿರಿ, ಆಗ ಗುಂಡಗಿನ ಆಕಾರ ಬರುತ್ತದೆ. ಪಟ್ಟಿಯ ಅಗಲ ಎಷ್ಟು, ಎಲ್ಲಿ ಹಿಡಿಯಬೇಕು ಅಂತ ಮಾತ್ರ ಕೇಳಬೇಡಿ. ಅದು ನನ್ನ ಅನ್ನ!

ಎಣ್ಣೆ ಬಗ್ಗೆ ಒಂದು ಮಾತು. ಕೊಡುವ ಮುಂಚೆ ಕಾರಿಗರರು ಎಣ್ಣೆ ಸವರುತ್ತಾರೆ, ಕಪ್ಪು ಇನ್ನೂ ಗಾಢವಾಗುತ್ತದೆ. ಫೋಟೋಗೂ ಅದು ಬೇಕು, ಆದರೆ ಹತ್ತಿ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬೆರಳ ಗುರುತು, ಧೂಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಧೂಳು ಊದುವ ನೂರೈವತ್ತು ರೂಪಾಯಿಯ ಬ್ಲೋವರ್ ಕೊಟ್ಟಷ್ಟು ಲಾಭ ನನಗೆ ಯಾವ ಲೆನ್ಸೂ ಕೊಟ್ಟಿಲ್ಲ.

ಇದು ತಲೆಗೆ ಹತ್ತಿದ ಮೇಲೆ ಬೇರೆ ಕಡೆಯೂ ಆಡಿಸಿ ನೋಡಿದೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗೋರಿಯ ಒಳಗೆ ಚಿತ್ರಗಳಿವೆ, ಆದರೆ ಕತ್ತಲೆ. ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು. ನಾನು ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಅಡಿಗೆ ತೊಗರಿ ಬೇಳೆ ತುಂಬಿದ ಸಣ್ಣ ಚೀಲ ಕೊಟ್ಟು, ಟೈಮರ್ ಹಾಕಿ ಹತ್ತು ಸೆಕೆಂಡ್ ಬಿಟ್ಟೆ. ಗುಮ್ಮಟದ ಬಣ್ಣ ಕಣ್ಣಿಗೆ ಕಂಡದ್ದಕ್ಕಿಂತ ಚೆನ್ನಾಗಿ ಬಂತು. ಬೇಳೆ ಮನೆಗೆ ವಾಪಸ್ ಬಂದು ಸಾರಾಯಿತು. ಬೀದರಿನಲ್ಲೇ ಇರುವ 1472ರ ಮಹಮೂದ್ ಗವಾನ್ ಮದರಸಾದ ನೀಲಿ ಹೆಂಚುಗಳಿಗೆ ಬೆಳಗ್ಗೆಯೇ ಹೋಗಿ, ಮುಖ ಪೂರ್ವಕ್ಕಿದೆ. ಕಲಬುರಗಿಯ ಬುದ್ಧ ವಿಹಾರದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಬಿಳಿ ಜಾಸ್ತಿ, ಮೀಟರ್ ಹೆದರಿ ಎಲ್ಲ ಮಬ್ಬು ಮಾಡುತ್ತದೆ, ಒಂದು ಸ್ಟಾಪ್ ಏರಿಸಬೇಕು.

ಭಾಲ್ಕಿ ಕಡೆಯ ಒಬ್ಬ ಹುಡುಗ ಮೊನ್ನೆ ಅಂಗಡಿಗೆ ಬಂದಿದ್ದ. "ಅಣ್ಣಾ, ನನಗ ಕಣ್ಣೇ ಇಲ್ಲ, ಕ್ಯಾಮೆರಾ ಮಾರಿಬಿಡ್ತೀನಿ" ಅಂದ. ಅವನ ಕೋಟೆ ಫೋಟೋ ನೋಡಿದೆ. ಕೆಂಪು ಗೋಡೆ, ಕಮಾನು, ಅದರೊಳಗೆ ಒಂದು ಆಡು. ಚೌಕಟ್ಟು ಕಟ್ಟುವುದರಲ್ಲಿ ನನಗಿಂತ ಒಂದು ಕೈ ಮೇಲೆ. ಕೆಟ್ಟದ್ದು ಆಕಾಶ ಮಾತ್ರ, ಎಲ್ಲದರಲ್ಲೂ ಬೆಳ್ಳಗೆ ಸುಟ್ಟಿತ್ತು. ಆಟೋ ಬಿಡು, ಮ್ಯಾನುವಲ್‌ಗೆ ಬಾ, ಖಡಕ್ ಬಿಸಿಲಲ್ಲಿ ಐಎಸ್‌ಒ 100, ಎಫ್ 8, ಶಟರ್ 1/400 ಇಟ್ಟು ಮೀಟರ್ ಕಡೆ ನೋಡಲೇಬೇಡ ಅಂದೆ. ಮರು ವಾರ ಕಳಿಸಿದ ಫೋಟೋದಲ್ಲಿ ಆಕಾಶ ನೀಲಿ. ಮಾರುವ ಮಾತು ಮತ್ತೆ ಎತ್ತಿಲ್ಲ. ನಿಮ್ಮ ಫೋಟೋ ಕೆಟ್ಟಿದೆ ಅನ್ನಿಸಿದರೆ ಮೊದಲು ಎಕ್ಸ್‌ಪೋಶರ್ ನೋಡಿ, ಕಣ್ಣಿನ ಮೇಲೆ ಅನುಮಾನ ಆಮೇಲೆ ಪಡಿ.

ದುಡ್ಡಿನ ವಿಷಯ. ಶುರುವಿಗೆ ಒಂದು ಫೋಟೋಗೆ ಐವತ್ತು ರೂಪಾಯಿ, ಅದೂ ಚೌಕಾಸಿ ಮಾಡಿ. ಹೈದರಾಬಾದಿನ ಒಬ್ಬ ವ್ಯಾಪಾರಿ ನನ್ನ ಫೋಟೋ ನೋಡಿ "ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು" ಅಂತ ಕೇಳಿದ್ದೇ ತಡ, ಇನ್ನೂರಕ್ಕೆ ಏರಿಸಿದೆ. ಕ್ಯಾಮೆರಾದ ಹಣ ಹೆಚ್ಚುಕಡಿಮೆ ವಾಪಸ್ ಬಂದಿದೆ. ಎರಡಡಿಗಿಂತ ಎತ್ತರದ ಹೂದಾನಿ ಮಾತ್ರ ಸದ್ಯ ಒಪ್ಪಿಕೊಳ್ಳುತ್ತಿಲ್ಲ, ಕಿಟಕಿ ಸಾಲುವುದಿಲ್ಲ. ಗೋಡೆ ಒಡೆಸಿ ದೊಡ್ಡದು ಮಾಡಿಸೋಣ ಅಂದರೆ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.