ಸೈಟು ನೋಂದಣಿಗೆ ಹೋಗುವ ಮುಂಚೆ ಹೆಬ್ಬೆಟ್ಟಿಗೆ ಬೀಗ ಹಾಕಿ

ಮನೆ, ಸೈಟು, ಜಮೀನು ನೋಂದಣಿ ಮಾಡಿಸುವವರು ಇದನ್ನು ಓದಿ. ನೋಂದಣಿಯಾದ ಕ್ರಯಪತ್ರದ ನಕಲನ್ನು ಶುಲ್ಕ ಕಟ್ಟಿ ಬೇರೆಯವರೂ ತೆಗೆಸಬಹುದು. ಅದರಲ್ಲಿ ನಿಮ್ಮ ಹೆಬ್ಬೆಟ್ಟಿನ ಗುರುತಿರುತ್ತದೆ. ಆಧಾರ್ ನಂಬರೂ ಪೂರ್ತಿ ಇದ್ದರೆ ಕಳ್ಳರಿಗೆ ಹಬ್ಬ. 2023ರಲ್ಲಿ ಕರ್ನಾಟಕದಲ್ಲೇ ಇಂಥ ದೂರುಗಳು ಬಂದಿದ್ದವು. ಆಧಾರ್ ಮೂಲಕ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳಚ್ಚು ಸಾಕು. ಒಟಿಪಿ ಕೇಳುವುದಿಲ್ಲ, ಅದೇ ಪೇಚಾಟ.

ಪತ್ರ ಬರೆಯುವವರನ್ನು ಮೊದಲೇ ಕೇಳಿ, ಆಧಾರಿನ ಕೊನೆಯ 4 ಅಂಕಿ ಮಾತ್ರ ಸಾಕಾ ಅಂತ. ಜೆರಾಕ್ಸ್ ಕೊಡುವ ಕಡೆಯೂ ಒಪ್ಪಿದರೆ ಮಾಸ್ಕ್ ಮಾಡಿದ ಆಧಾರನ್ನೇ ಕೊಡಿ. ಮೈಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಸಿಗುತ್ತದೆ, ಮೊದಲ 8 ಅಂಕಿ ಮುಚ್ಚಿರುತ್ತವೆ.

ಮುಖ್ಯವಾದದ್ದು ಬಯೋಮೆಟ್ರಿಕ್ ಲಾಕ್. ಅದೂ ಅಲ್ಲೇ ಇದೆ, ದುಡ್ಡು ಬೇಡ. ಆದರೆ ಆಧಾರಿಗೆ ನಿಮ್ಮ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಒಮ್ಮೆ ಲಾಕ್ ಮಾಡಿದರೆ ಆಧಾರ್ ಪರಿಶೀಲನೆಗೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯುವುದಿಲ್ಲ. ನೀವೇ ಒತ್ತಿದರೂ ಅಷ್ಟೇ! ರೇಷನ್ ಅಂಗಡಿಗೆ ಹೋಗುವ ಮೊದಲು ಲಾಕ್ ತೆರೆದುಕೊಳ್ಳಿ. ನಾನು ಮರೆತು, ಕ್ಯೂನಲ್ಲಿ ಹಿಂದಿದ್ದವರಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ. ಅಪ್ಪ ಅಮ್ಮನ ಆಧಾರ್ ಲಾಕ್ ಮಾಡಿದರೆ ಅವರಿಗೂ ತಿಳಿಸಿ, ಸುಮ್ನೆ ಗಾಬರಿಯಾಗ್ತಾರೆ.

ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ 6 ತಿಂಗಳ ಪಟ್ಟಿಯನ್ನೂ ಅದೇ ವೆಬ್‌ಸೈಟಿನಲ್ಲಿ ನೋಡಬಹುದು. ಏನಾದರೂ ಅನುಮಾನ ಬಂದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಜೊತೆಗೆ ಬ್ಯಾಂಕಿಗೆ.